ಫೆಬ್ರವರಿ ಒಂಬತ್ತರ ಸಾಲು

ತಿರುಚ್ಚಿ
2-11-2014, ಭಾನುವಾರ

ಪ್ರೀತಿಯ ಅಪ್ಪನಿಗೆ,

ನಾನು ಇಲ್ಲಿ ಕ್ಷೇಮ. ಇದನ್ನು ಬರೆಯದೆ ಪತ್ರ ಶುರು ಮಾಡುವುದು ನನಗೆ ಬರುವುದೇ ಇಲ್ಲ. ಶಾಲೆಯ ಹಾಸ್ಟೆಲಿನಲ್ಲಿ ಏಳು ವರ್ಷ ಪ್ರತಿ ಭಾನುವಾರದ ಪತ್ರವನ್ನು ವಾರ್ಡನ್ ಸಿಸ್ಟರ್ ಮೊದಲು ಓದಿ ಆಮೇಲೆ ಅಂಟಿಸುತ್ತಿದ್ದರಲ್ಲ, ಆ ಅಭ್ಯಾಸ. ಇಲ್ಲಿ ಯಾರೂ ಓದುವುದಿಲ್ಲ. ಆದರೂ ಕೈ ಮೊದಲು ಕ್ಷೇಮವನ್ನೇ ಬರೆಯುತ್ತದೆ.

ನಮ್ಮ ಕ್ಲಾಸಿನಲ್ಲಿ ಮನೆಗೆ ಪತ್ರ ಬರೆಯುವವಳು ನಾನೊಬ್ಬಳೇ. "ನಿಮ್ಮಪ್ಪನ ಹತ್ರ ಫೋನ್ ಇಲ್ವೇನೇ?" ಅಂತ ಕೇಳುತ್ತಾರೆ. ಇದೆ, ಆದರೆ ಪತ್ರ ಬರೆ ಅಂದಿದ್ದಾರೆ ಅಂದರೆ ನಗುತ್ತಾರೆ. ಜೂನ್‌ನಲ್ಲಿ ನೀವು "ಲೈನ್ ಸರಿಯಿಲ್ಲ, ಬರೆದುಬಿಡು" ಅಂದು ಇಟ್ಟಿರಿ. ದೀಪಾವಳಿಗೆ ಬಂದಾಗಲೂ ಎಲ್ಲದಕ್ಕೂ ಹ್ಞೂಂ ಹ್ಞೂಂ ಅಂದಿರೇ ಹೊರತು ಬೇರೆ ಮಾತಿಲ್ಲ. ಪ್ರಿಂಟಿಂಗ್ ಕೋರ್ಸ್ ಬಿಟ್ಟು ಕಂಪ್ಯೂಟರ್ ತಗೊಂಡಿದ್ದಕ್ಕೆ ಕೋಪವೇ? ಕೋಪವಿದ್ದರೆ ಬರೆಯಿರಿ. ಇಲ್ಲದಿದ್ದರೂ ಬರೆಯಿರಿ.

ಇಂತಿ,
ನಿಮ್ಮ ಕನಿ

~

ಶಿವಕಾಶಿ
8-11-2014

ಮಗಳು ಕನಿಗೆ,

ಅಪ್ಪನ ಆಶೀರ್ವಾದ. ಕೋಪ ಗೀಪ ಏನಿಲ್ಲ. ದೀಪಾವಳಿ ಮುಗಿದರೆ ನಮ್ಮೂರಲ್ಲಿ ಕ್ಯಾಲೆಂಡರ್ ಕೆಲಸ ಎಂಬುದು ನಿನಗೆ ಗೊತ್ತು. ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು ಡಿಸೆಂಬರ್ ಒಳಗೆ ಲಕ್ಷ ಹೋಗಬೇಕು. ಪ್ರೆಸ್ಸಿನ ಹಿಂದಿನ ನನ್ನ ಕೋಣೆಯಲ್ಲಿ ಊಟದ ಡಬ್ಬಿ ಇಡಲೂ ಜಾಗವಿಲ್ಲ.

ಇನ್ನೊಂದು ವಿಷಯ. ನೀನು ಕಂಪ್ಯೂಟರ್ ಓದುತ್ತೀಯಲ್ಲ, ನಿನಗೇ ಕೆಲಸ ಕೊಡುತ್ತೇನೆ. ನನ್ನ ಕಂಪ್ಯೂಟರು ಒಂದು ಪುಟ ತೆರೆಯಲು ಕಾಫಿ ಕುಡಿದು ಬರುವಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು. ರಿಪೇರಿ ಸೇಕರ್ ಬಂದು ಓಎಸ್ ಹೊಸದಾಗಿ ಹಾಕಿದ. "ಅಣ್ಣಾಚಿ, ಒಳಗಿರೋ ನಿಮ್ಮ ಕೆಲಸ ಮುಟ್ಟಿಲ್ಲ. ಆದ್ರೆ ಒಂದು ಕಾಪಿ ತೆಗೆದಿಟ್ಕೊಳ್ಳಿ" ಎಂದು ಹೊರಗಿನ ಡಿಸ್ಕ್ ಒಂದನ್ನು ಜೋಡಿಸಿ, ಬ್ಯಾಕಪ್ ಒತ್ತಿ ಹೋದ. ಮೂರು ಗಂಟೆಯಲ್ಲಿ ಮುಗಿಯುತ್ತದಂತೆ. ಪರದೆಯ ಮೇಲೆ ಒಂದು ಸಲ ಒಂಬತ್ತು ದಿನ ಬಾಕಿ ಎನ್ನುತ್ತದೆ, ಒಂದು ಸಲ ಹದಿಮೂರು ಎನ್ನುತ್ತದೆ. ಸೇಕರ್ ಮದುವೆಯಾಗಿ ತಿರುಪ್ಪೂರಿಗೆ ಹೋಗಿಬಿಟ್ಟ.

ಮದುವೆ ಪತ್ರಿಕೆ, ಪಟಾಕಿ ಲೇಬಲ್ಲು ಹೋದರೆ ಹೋಗಲಿ. ಅದರಲ್ಲಿ ನಿಮ್ಮಮ್ಮ ಇದ್ದಾಳೆ.

ಅಪ್ಪ,
ತವಸಿ

~

ತಿರುಚ್ಚಿ
16-11-2014, ಭಾನುವಾರ

ಪ್ರೀತಿಯ ಅಪ್ಪನಿಗೆ,

ನಾನು ಇಲ್ಲಿ ಕ್ಷೇಮ ಅಲ್ಲ. ನಿಮ್ಮ ಕೊನೆಯ ಸಾಲು ಓದಿ ಊಟ ಸೇರಲಿಲ್ಲ.

ಅಮ್ಮ ಹನ್ನೊಂದು ವರ್ಷ ಕ್ಯಾಲೆಂಡರಿನ ಪ್ರತಿ ಹಾಳೆಯ ಕೆಳಗೆ ಒಂದೊಂದು ಸಾಲು ಬರೆದರಲ್ಲ, ಅವುಗಳ ಪುಸ್ತಕ ಇಲ್ಲವೇ ಅಂತ ನಾನು ಒಂದು ದಿನವೂ ಕೇಳಿಲ್ಲ. ಎಲ್ಲರ ಮನೆ ಗೋಡೆಯ ಮೇಲೆ ಇದ್ದದ್ದು ಎಲ್ಲೂ ಇಲ್ಲ ಅಂತ ಈಗ ಹೊಳೆಯುತ್ತಿದೆ. ಎಲ್ಲರೂ ಹರಿದು ಎಸೆದಿರುತ್ತಾರೆ. ನಮ್ಮ ಹಾಸ್ಟೆಲ್ ಮೆಸ್ಸಿನಲ್ಲೂ ನೀವು ಕಳಿಸಿದ ಕ್ಯಾಲೆಂಡರೇ ಇತ್ತು. ನನ್ನ ಹುಟ್ಟುಹಬ್ಬ ಫೆಬ್ರವರಿ ಒಂಬತ್ತರ ಹಾಳೆಯಲ್ಲಿ ಅಮ್ಮ ನನಗೆ ಮಾತ್ರ ಅರ್ಥವಾಗುವ ಸಾಲು ಹಾಕುತ್ತಿದ್ದರು. ಆರನೇ ಕ್ಲಾಸಿನಲ್ಲಿ: "ಹಾಸ್ಟೆಲಿನಲ್ಲಿ ಓದುವ ಮಕ್ಕಳು ಮೊಸರು ಬಿಡಬಾರದು." ಲಕ್ಷ ಮನೆಗಳವರು ಓದಿದರು. ನಾನು ಆವತ್ತು ಅತ್ತುಕೊಂಡು ಮೊಸರು ತಿಂದೆ. ಸಿಸ್ಟರ್ ಆ ಹಾಳೆ ಹರಿದು ಹಿಂದುಗಡೆ ತರಕಾರಿ ಲೆಕ್ಕ ಬರೆದರು. ನಮ್ಮ ಪತ್ರ ಓದುತ್ತಿದ್ದ ಸಿಸ್ಟರ್‌ಗೆ ಗೋಡೆಯ ಮೇಲಿನ ಪತ್ರ ಗೊತ್ತೇ ಆಗಲಿಲ್ಲ.

ಅಮ್ಮ ಹೋಗುವ ಮುಂಚೆ 2013ಕ್ಕೆ ಮಾರ್ಚ್ ತನಕ ಟೈಪ್ ಮಾಡಿದ್ದರು ಅಂದಿದ್ದಿರಿ. ಅದು ಅಚ್ಚಾಗಲಿಲ್ಲ. ಹಾಗಾದರೆ ಅದರಲ್ಲಿ ಒಂದು ಫೆಬ್ರವರಿ ಒಂಬತ್ತು ಇರಲೇಬೇಕಲ್ಲವೇ? ಅದನ್ನು ನಾನಿನ್ನೂ ಓದಿಲ್ಲ.

ಸೀನಿಯರ್ ಯಾಳಿನಿ ಅಕ್ಕನನ್ನು ಕೇಳಿ ಬರೆಯುತ್ತಿದ್ದೇನೆ. ದಯವಿಟ್ಟು ಈ ಆರ್ಡರಿನಲ್ಲೇ ಮಾಡಿ. ಮೊದಲು, ಡಿಸ್ಕಿನ ವೈರನ್ನು ಮುಂದಿನ ಕಪ್ಪು ಕಿಂಡಿಗೆ ಹಾಕಿದ್ದರೆ ತೆಗೆದು ಹಿಂದುಗಡೆಯ ನೀಲಿ ಕಿಂಡಿಗೆ ಹಾಕಿ. ಆಮೇಲೆ ಆಂಟಿವೈರಸ್ ನಿಲ್ಲಿಸಿ, ಅದು ಪ್ರತಿ ಫೈಲನ್ನೂ ತಡೆದು ತಡೆದು ನೋಡುತ್ತದೆ. ಮುಖ್ಯವಾದದ್ದು ಇದು: ಕಂಪ್ಯೂಟರಿನ ಡಬ್ಬಕ್ಕೆ ಕಿವಿ ಇಟ್ಟು ಕೇಳಿ. ಟಕ್ ಟಕ್ ಅಂತ ಸದ್ದು ಬಂದರೆ ಒಳಗಿನ ಡಿಸ್ಕ್ ಸಾಯುತ್ತಿದೆ ಅಂತ ಅರ್ಥ, ಒಂದು ನಿಮಿಷವೂ ಓಡಿಸಬಾರದು. ಬರದಿದ್ದರೆ ಭಯವಿಲ್ಲ, ನಿಧಾನವಾದರೂ ಮುಗಿಯುತ್ತದೆ.

ಸರಿಯಾಗಿ ಬರೆದಿದ್ದೇನಾ? ಮೂರು ಸಲ ಓದಿ ನೋಡಿದೆ.

ನಿಮ್ಮ ಕನಿ

~

ಶಿವಕಾಶಿ
24-11-2014

ಮಗಳು ಕನಿಗೆ,

ನೀನು ಹೇಳಿದ ಆರ್ಡರಿನಲ್ಲೇ ಎಲ್ಲ ಮಾಡಿದೆ. ನಿನ್ನ ಪತ್ರದಲ್ಲಿ ಅರ್ಧ ಇಂಗ್ಲಿಷು, ಅಂಗಡಿಗೆ ಬರುವ ಗಿರಾಕಿಗಳನ್ನು ಕೇಳಿ ಓದಿಕೊಂಡೆ. ವೈರು ಕಪ್ಪಿನಲ್ಲಿತ್ತು, ನೀಲಿಗೆ ಹಾಕಿದೆ. ಒಂಬತ್ತು ದಿನ ಆರಕ್ಕೆ ಇಳಿಯಿತು. ಕಿವಿ ಇಟ್ಟೂ ಕೇಳಿದೆ. ಸದ್ದು ಏನೂ ಇಲ್ಲ. ಧೈರ್ಯವಾಗಿರು.

ನಿಮ್ಮಮ್ಮನ ಫೈಲು ತೆರೆದು ನೋಡಿದೆ. ಸೊರ್ಣಂ ಅದನ್ನೆಲ್ಲ 'ಝಡ್ ಝಡ್' ಎಂಬ ಫೋಲ್ಡರಿನಲ್ಲಿ ಇಟ್ಟಿದ್ದಾಳೆ. ಪಟ್ಟಿಯಲ್ಲಿ ಗಿರಾಕಿಗಳದು ಮೇಲಿರಲಿ, ತನ್ನದು ಕೊನೆಗಿರಲಿ ಎಂದು. ಊಟಕ್ಕೆ ಕೂರುವಾಗಲೂ ಅವಳು ಹಾಗೇ ಅಲ್ಲವೇ. ಫೈಲು ತೆರೆಯುತ್ತದೆ, ಆದರೆ ಓದಲಾಗುವುದಿಲ್ಲ. ಓಎಸ್ ಬದಲಾದ ಮೇಲೆ ನಮ್ಮ ಹಳೆಯ ತಮಿಳು ಅಕ್ಷರದ ಫಾಂಟು ಹೋಗಿಬಿಟ್ಟಿದೆ. ತಮಿಳಿನ ಜಾಗದಲ್ಲೆಲ್ಲ ಇಂಗ್ಲಿಷ್ ಅಕ್ಷರ, ಆವರಣ ಚಿಹ್ನೆ, ಚುಕ್ಕಿ. ದೆವ್ವ ಮೆಟ್ಟಿದ ಹಾಗಿದೆ. ತಾರೀಖು ಮಾತ್ರ ತಿಳಿಯುತ್ತದೆ. ನಿನ್ನ ಒಂಬತ್ತನೇ ತಾರೀಖಿನ ಎದುರು ಇದ್ದುದನ್ನು ಪರದೆಯ ಮೇಲೆ ಕಂಡ ಹಾಗೇ ಒಂದು ಚೀಟಿಯಲ್ಲಿ ಬರೆದು ಈ ಪತ್ರದ ಜೊತೆ ಇಟ್ಟಿದ್ದೇನೆ. ಮೂವತ್ತು ವರ್ಷ ಅಕ್ಷರ ಜೋಡಿಸಿದ ಕೈ, ಅರ್ಥವಾಗದಿದ್ದರೂ ತಪ್ಪಿರಲಾರದು. ಚೀಟಿಯಲ್ಲಿ ಜಾಗ ಮುಗಿಯಿತು, ಅಷ್ಟರಲ್ಲಿ ಗಿರಾಕಿಯೂ ಬಂದರು, ಅರ್ಧವೇ ಬಂದಿದೆ. ಇದು ಯಾವ ತೊಂದರೆ ಎಂದು ನಿಮ್ಮ ಯಾಳಿನಿ ಅಕ್ಕನಿಗೆ ತೋರಿಸು.

ಒಂದು ಮಾತು. ಈ ಬ್ಯಾಕಪ್ ಮುಗಿಯಲಿ ಎಂದು ಕಾಯುವ ಬದಲು ಅಮ್ಮನ ಫೋಲ್ಡರೊಂದನ್ನೇ ನಾನು ಕೈಯಾರೆ ಪೆನ್ ಡ್ರೈವಿಗೆ ಎಳೆದು ಹಾಕಲೇ? ನೀನು ಹೇಗೆ ಹೇಳುತ್ತೀಯೋ ಹಾಗೆ.

ಅಪ್ಪ

~

ತಿರುಚ್ಚಿ
30-11-2014, ಭಾನುವಾರ

ಪ್ರೀತಿಯ ಅಪ್ಪನಿಗೆ,

ಬೇಡ ಅಪ್ಪಾ, ದಯವಿಟ್ಟು ಕೈ ಹಾಕಬೇಡಿ. ಬ್ಯಾಕಪ್ ಓಡುತ್ತಿರುವಾಗ ನಡುವೆ ಇನ್ನೊಂದು ಕಾಪಿ ಎಳೆದರೆ ಎರಡೂ ಕೆಡಬಹುದು. ನಮ್ಮ ಲ್ಯಾಬಿನಲ್ಲಿ ಒಬ್ಬಳು ಪೆನ್ ಡ್ರೈವನ್ನು ಹಾಗೇ ಕಿತ್ತು ಇಡೀ ಪ್ರಾಜೆಕ್ಟ್ ಕಳಕೊಂಡಳು. ಎಲ್ಲ ಅದರ ಪಾಡಿಗೆ, ಸಾಲಿನ ಪ್ರಕಾರ ಆಗಲಿ. ಕೊನೆಗೆ ಅಮ್ಮನದೂ ಬಂದೇ ಬರುತ್ತದೆ. ಸದ್ದು ಇಲ್ಲ ಅಂದಿರಲ್ಲ, ಹಾಗಾದರೆ ಟೈಮ್ ಇದೆ.

ಚೀಟಿ ಬಂತು. ಯಾಳಿನಿ ಅಕ್ಕ "ಬರೀ ಫಾಂಟ್ ಪ್ರಾಬ್ಲಂ ಕಣೇ, ಫಾಂಟ್ ಹಾಕಿದ್ರೆ ಎಲ್ಲ ತಮಿಳಾಗತ್ತೆ, ಅದು ಲಾಸ್ಟ್‌ಗೆ ನೋಡ್ಕೊ" ಅಂದಳು. ಚೀಟಿಯನ್ನು ಟ್ರಂಕಿನಲ್ಲಿ ಇಟ್ಟೆ. ಅರ್ಧ ಯಾಕೆ ಓದಬೇಕು? ಪೂರ್ತಿ ಬಂದ ಮೇಲೆ ಒಟ್ಟಿಗೆ ಓದೋಣ.

ಆರು ದಿನ ಅಂದು ಎಷ್ಟೋ ದಿನವಾಯಿತಲ್ಲ, ಮುಗಿಯಿತೇ?

ಕನಿ

~

ಶಿವಕಾಶಿ
8-12-2014

ಕನಿಗೆ,

ಎಲ್ಲಿ ಮುಗಿಯುವುದು? ದಿನಾ ಬೆಳಿಗ್ಗೆ ಒತ್ತುತ್ತೇನೆ, ದಿನಾ ಸೊನ್ನೆಯಿಂದ ಹೊರಡುತ್ತದೆ. ಸಂಜೆಗೆ ನೂರಕ್ಕೆ ಹದಿನೈದಕ್ಕೋ ಹದಿನಾರಕ್ಕೋ ಬಂದಿರುತ್ತದೆ, ಅಷ್ಟರಲ್ಲಿ ಆರು ಗಂಟೆ. ಪ್ರೆಸ್ಸಿನ ಮೇನ್ ಸ್ವಿಚ್ ಇಳಿಸುತ್ತೇವೆ. ಮತ್ತೆ ಬೆಳಿಗ್ಗೆ ಸೊನ್ನೆ. ಮದುವೆ ಪತ್ರಿಕೆಗಳು ಇಪ್ಪತ್ತು ಸಲ ಕಾಪಿ ಆಗಿರಬೇಕು.

ನಿಮ್ಮಮ್ಮ ಇದ್ದಿದ್ದರೆ "ಅದಕ್ಕೂ ರೆಸ್ಟ್ ಬೇಡ್ವಾ?" ಎನ್ನುತ್ತಿದ್ದಳು. ಅವಳು ಅಡುಗೆಮನೆಯಿಂದ ಕೂಗುವವಳಲ್ಲ. ಇಷ್ಟು ಹೇಳಲಿಕ್ಕೂ ಕೈ ಒರೆಸಿಕೊಂಡು ಎದುರಿಗೆ ಬಂದು ನಿಲ್ಲುವವಳು.

ಅಪ್ಪ

~

ತಿರುಚ್ಚಿ
14-12-2014, ಭಾನುವಾರ

ಅಪ್ಪಾ,

ಮೇನ್ ಇಳಿಸುತ್ತೀರಾ? ದಿನಾ? ಇದನ್ನು ಮೊದಲೇ ಯಾಕೆ ಹೇಳಲಿಲ್ಲ! ಅದೇ ಅಪ್ಪಾ, ಅದೇ ಕಾರಣ. ನಡುವೆ ಕರೆಂಟ್ ಹೋದರೆ ಈ ಬ್ಯಾಕಪ್ ಮೊದಲಿಂದ ಶುರುವಾಗುತ್ತದೆ. ಕಿಂಡಿ, ವೈರಸ್ ಎಲ್ಲ ಕೇಳಿದೆ, ಸಂಜೆ ಏನು ಮಾಡುತ್ತೀರಿ ಅಂತ ಕೇಳಲಿಲ್ಲ. ಆರು ದಿನ ಮೇನ್ ಇಳಿಸದೆ ಬಿಡಿ, ಮುಗಿದುಹೋಗುತ್ತದೆ. ನನಗೆ ಎಷ್ಟು ಖುಷಿಯಾಗಿದೆ ಗೊತ್ತಾ? ಮೆಸ್ಸಿನಲ್ಲಿ ಎರಡು ಸಲ ಮೊಸರು ಹಾಕಿಸಿಕೊಂಡೆ.

ಕನಿ

~

ಶಿವಕಾಶಿ
27-12-2014

ಮಗಳು ಕನಿಗೆ,

ಹೇಳುವ ವಿಷಯ ಅಂತ ಅನಿಸಿದರೆ ತಾನೇ ಹೇಳುವುದು? ಬೆಂಕಿಯ ಭಯಕ್ಕೆ ಊರಿಗೆ ಊರೇ ಆರು ಗಂಟೆಗೆ ಮೇನ್ ಇಳಿಸುತ್ತದೆ. ನಮ್ಮ ಬೀದಿಯ ಕಾಗದದ ಗೋಡೌನ್ ಸುಟ್ಟಾಗ ನೀನು ಸಣ್ಣವಳು. ಆಮೇಲೆ ಹಾಸ್ಟೆಲಿಗೆ ಹೋದೆ. ನೀನು ಈ ಊರಿನವಳಾದರೂ ಇಲ್ಲಿ ಬೆಳೆದವಳಲ್ಲ, ಅದು ನನ್ನ ತಪ್ಪು.

ಪ್ರೆಸ್ಸಿನ ಯಜಮಾನರು ಚಿದಂಬರ ಅಣ್ಣಾಚಿಯನ್ನು ಕೇಳಿದೆ. ಕೈಯೆತ್ತಿ ಹೊಡೆಯಲು ಬಂದ ಹಾಗೆ ಬಂದರು.

"ತವಸಿ, ತಲೆ ಸರಿ ಇದ್ಯಾ? ಒಳಗೆ ಎಷ್ಟು ಕಾಗದ ಇದೆ ಗೊತ್ತಾ?"

"ನನ್ನ ಹೆಂಡತಿ ಸಾಲುಗಳು ಅಣ್ಣಾಚಿ."

ಅವರು ಎತ್ತಿದ ಕೈ ಇಳಿಸಿದರು. ನಿಮ್ಮಮ್ಮನ ಸಾಲು ಓದಿಯೇ ಅವರು ಹಾಳೆ ಹರಿಯುತ್ತಿದ್ದದ್ದು. "ಪೊಂಗಲ್‌ಗೆ ಪ್ರೆಸ್ ಐದು ದಿನ ಮುಚ್ಚಿರತ್ತೆ. ಆಗ ಬೇಕಾದ್ರೆ ಓಡಿಸ್ಕೊ. ಹಗಲೂ ರಾತ್ರಿ ನೀನು ಪಕ್ಕದಲ್ಲೇ ಕೂತಿರ್ಬೇಕು, ಬೀಡಿ ಮುಟ್ಟಂಗಿಲ್ಲ" ಎಂದರು.

"ನಾನು ಬೀಡಿ ಬಿಟ್ಟು ಎಂಟು ವರ್ಷ ಆಯ್ತು" ಎಂದೆ.

"ಹಂಗಾದ್ರೆ ಬಿಟ್ಟೋನು ಬಿಟ್ಟೇ ಇರು" ಎಂದರು.

ಜನವರಿ 13ಕ್ಕೆ ಶುರು ಮಾಡುತ್ತೇನೆ. ಅಲ್ಲಿಯ ತನಕ ಬೆಳಿಗ್ಗೆ ಒತ್ತುವುದನ್ನು ಬಿಡುವುದಿಲ್ಲ, ಎಷ್ಟು ಆದರೆ ಅಷ್ಟು. ನೀನು ಪೊಂಗಲ್‌ಗೆ ನೇರ ಅಂಗಡಿಗೇ ಬಾ. ಒಲೆಯೂ ಅಲ್ಲೇ, ಹಾಲುಕ್ಕುವುದೂ ಅಲ್ಲೇ.

ಅಪ್ಪ

~

ತಿರುಚ್ಚಿ
25-1-2015, ಭಾನುವಾರ

ಅಪ್ಪನಿಗೆ,

ಊರಲ್ಲಿ ನಾಲ್ಕು ದಿನವಿದ್ದೂ ನಾವು ಆ ಬೆಳಗಿನ ಮಾತು ಆಡಲಿಲ್ಲ. ಕ್ಯಾಲೆಂಡರ್ ಹಾಳೆಗಳ ಹಿಂದೆ "ಅನ್ನ ಹಾಕಲೇ", "ಸಾಕು", "ಬಸ್ಸು ಎಷ್ಟಕ್ಕೆ" ಅಂತ ಬರೆದುಕೊಂಡೆವು. ಅದನ್ನು ಮಾತ್ರ ಬರೆಯಲಿಲ್ಲ. ಈಗ ಬರೆಯುತ್ತೇನೆ, ಇಲ್ಲದಿದ್ದರೆ ನನಗೆ ಪರೀಕ್ಷೆ ಬರೆಯಲು ಆಗುವುದಿಲ್ಲ.

ಹದಿನೈದನೇ ತಾರೀಖು ಬೆಳಿಗ್ಗೆ ಹತ್ತಕ್ಕೆ ನಾನು ಬಸ್ಸಿಳಿದು ಬಂದೆ. ನಮ್ಮ ಬೀದಿ ಅಷ್ಟು ಸುಮ್ಮನಿದ್ದದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಅಚ್ಚಿನ ಮಷೀನಿಗೆ ಮಾಲೆ ಹಾಕಿ, ಕಬ್ಬು ಒರಗಿಸಿ ನಿಲ್ಲಿಸಿದ್ದರು. ನಿಮ್ಮ ಕೋಣೆಯ ಹೊಸ್ತಿಲು ದಾಟುವ ಮೊದಲೇ ಕೇಳಿಸಿತು. ಟಕ್. ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್ ಟಕ್. ಸ್ಟೀಲ್ ತಟ್ಟೆಯ ಮೇಲೆ ಯಾರೋ ಉಗುರಿನಲ್ಲಿ ಬಡಿಯುವ ಹಾಗೆ.

ನೀವು ನನಗೆ ಬೆನ್ನು ಮಾಡಿ ಪರದೆಯ ಮುಂದೆ ಕೂತಿದ್ದಿರಿ. "ಅಪ್ಪಾ" ಅಂದೆ. ತಿರುಗಲಿಲ್ಲ. ಇನ್ನೂ ಎರಡು ಸಲ ಕೂಗಿದೆ. ಎರಡು ತಿಂಗಳು ಬ್ಯಾಕಪ್‌ಗೆ ಕಾದ ಕೋಪವನ್ನು ಈಗ ತೋರಿಸುತ್ತಿದ್ದೀರಿ ಅಂದುಕೊಂಡೆ, ನಿಜವಾಗಲೂ. ಪರದೆಯಲ್ಲಿ ನನ್ನ ನೆರಳು ಬಿದ್ದಾಗ ತಿರುಗಿ ನಕ್ಕಿರಿ. ಅಷ್ಟು ಸಂತೋಷವಾಗಿ ನೀವು ನಕ್ಕದ್ದು ಅಮ್ಮ ಹೋದ ಮೇಲೆ ನೋಡಿರಲಿಲ್ಲ.

"ಬಾ ಬಾ, ನೋಡಿಲ್ಲಿ. ಎಪ್ಪತ್ತೊಂದಕ್ಕೆ ಬಂದಿದೆ. ಎರಡು ದಿನದಿಂದ ಒಂದು ನಿಮಿಷ ನಿಂತಿಲ್ಲ."

"ಅಪ್ಪಾ, ಆ ಸದ್ದು?"

"ಯಾವ ಸದ್ದು?"

"ಟಕ್ ಟಕ್ ಅಂತ! ಕೇಳಿಸ್ತಾ ಇಲ್ವಾ?"

ನೀವು ನನ್ನ ಬಾಯಿಯನ್ನೇ ನೋಡುತ್ತಿದ್ದಿರಿ. "ಓ, ಅದಾ? ಪಕ್ಕದ ಮಷೀನ್ ಸದ್ದು ಕಣಮ್ಮಾ" ಅಂದಿರಿ.

ಪಕ್ಕದ ಮಷೀನು ಮಾಲೆ ಹಾಕಿಕೊಂಡು ನಿಂತಿತ್ತು. ಅಷ್ಟೇ ಅಪ್ಪಾ. ನಾನು ಮೇನ್ ಎಳೆದುಬಿಟ್ಟೆ. ನೀವು ಒಂದು ಮಾತೂ ಬಯ್ಯಲಿಲ್ಲ.

ಡಿಸ್ಕನ್ನು ಕಳಿಸಿಕೊಟ್ಟಿದ್ದ ಮದುರೈಯ ರಿಪೇರಿಯವರಿಂದ ನಿನ್ನೆ ಪತ್ರ ಬಂತು. ಒಳಗಿನ ಡಿಸ್ಕಿನ ಮೇಲೆಲ್ಲ ಗೀರು ಬಿದ್ದಿದೆ, ಉಳಿದ ಭಾಗದಿಂದ ಏನೂ ತೆಗೆಯಲಾಗುವುದಿಲ್ಲವಂತೆ. ಸದ್ದು ಶುರುವಾಗಿ ಎರಡು ಮೂರು ತಿಂಗಳಾದರೂ ಆಗಿರಬೇಕು, ಅದೇ ಸದ್ದಿನಲ್ಲಿ ಓಡಿಸಿ ಓಡಿಸಿಯೇ ಹೀಗಾಗಿದೆ ಅಂತ ಬರೆದಿದ್ದಾರೆ. ಹೊರಗಿನ ಡಿಸ್ಕಿನಲ್ಲಿ ಮದುವೆ ಪತ್ರಿಕೆಗಳು, ಕಿವಿ ಚುಚ್ಚುವ ಕರೆಯೋಲೆ, ಪಟಾಕಿ ಲೇಬಲ್ಲು, ತಿಥಿ ಕಾರ್ಡು ಎಲ್ಲ ಕ್ಷೇಮ. ಝಡ್ ತನಕ ಅದು ಬರಲೇ ಇಲ್ಲ. ನವೆಂಬರಿನಲ್ಲಿ ನೀವು ಅಮ್ಮನದನ್ನು ಮೊದಲು ತೆಗೆಯಲೇ ಅಂತ ಕೇಳಿದ್ದಿರಿ. ಬೇಡ ಅಂದವಳು ನಾನು. ನೀವೇ ಎಳೆದು ಹಾಕಿದ್ದರೆ ಹತ್ತು ನಿಮಿಷದ ಕೆಲಸ.

ಕಿವಿ ಇಟ್ಟು ಕೇಳಿದೆ, ಸದ್ದಿಲ್ಲ ಅಂತ ಯಾಕೆ ಬರೆದಿರಿ?

ಕನಿ

~

ಶಿವಕಾಶಿ
2-2-2015

ಮಗಳೇ ಕನಿ,

ಸುಳ್ಳು ಬರೆಯಲಿಲ್ಲ. ಕಿವಿ ಇಟ್ಟೆ. ಸದ್ದು ಇರಲಿಲ್ಲ. ನನಗೆ ಯಾವುದೂ ಇರಲಿಲ್ಲ ಎಂಬುದನ್ನು ಮಾತ್ರ ಬರೆಯಲಿಲ್ಲ.

ಮಷೀನಿನ ಪಕ್ಕ ಮೂವತ್ತು ವರ್ಷ. ಎಡಗಿವಿ ಹೋಗಿ ಎಂಟು ವರ್ಷವಾಯಿತು. ಬಲಗಿವಿಯಲ್ಲಿ ಸ್ವಲ್ಪ ಇತ್ತು, ಕಳೆದ ಬೇಸಿಗೆಗೆ ಅದೂ ಹೋಯಿತು. ಜೂನ್‌ನಲ್ಲಿ ನೀನು ಫೋನ್ ಮಾಡಿದಾಗ ಏನೋ ಹೇಳುತ್ತಿದ್ದೆ, ಬಹಳ ಹೊತ್ತು ಹೇಳಿದೆ. ಅದು ಏನೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಅದಕ್ಕೇ ಪತ್ರ ಬರೆ ಎಂದೆ. ಪ್ರೆಸ್ಸಿನಲ್ಲಿ ಎಲ್ಲರೂ ಕೈಸನ್ನೆಯಲ್ಲೇ ಮಾತಾಡುವುದು, ಹಾಗಾಗಿ ಯಾರಿಗೂ ತಿಳಿಯಲಿಲ್ಲ. ಗಿರಾಕಿಗಳಿಗೆ "ತಪ್ಪಾಗಬಾರದು, ಬರೆದುಕೊಡಿ" ಎನ್ನುತ್ತೇನೆ. ತವಸಿ ಅಣ್ಣಾಚಿ ಬಹಳ ಅಚ್ಚುಕಟ್ಟು ಎಂದು ಹೆಸರು. ನಿನಗೆ ಹೇಳಿದರೆ ಓದು ಬಿಟ್ಟು ಬಂದು ಅನ್ನ ಬೇಯಿಸುತ್ತ ಕೂರುತ್ತೀಯ ಎಂದು ಹೆದರಿದೆ. ನಿಮ್ಮಮ್ಮನಿಗೂ ಕೊನೆಯ ತನಕ ಗೊತ್ತಾಗದ ಹಾಗೆ ನೋಡಿಕೊಂಡೆ. ಅವಳು ಕೇಳಿದ್ದಕ್ಕೆಲ್ಲ ಸರಿಯಾಗಿಯೇ ಉತ್ತರ ಕೊಟ್ಟಿದ್ದೇನೆ.

ನಿನ್ನ ತಪ್ಪೇನಿಲ್ಲ. ಕಿವಿ ಇರುವವನನ್ನು ಕೇಳಬೇಕಾದ ಪ್ರಶ್ನೆಯನ್ನು ನೀನು ನನ್ನನ್ನು ಕೇಳಿದೆ, ಅಷ್ಟೇ. ಅವಳ ಸಾಲುಗಳಲ್ಲಿ ಒಂದಾದರೂ ನೆನಪಿಗೆ ಬರುತ್ತದೋ ಎಂದು ಎರಡು ದಿನದಿಂದ ಕೂತಿದ್ದೇನೆ. ನಾಲ್ಕು ಸಾವಿರ ಸಾಲು ನಾನೇ ಪುಟ ಕಟ್ಟಿದವನು. ಅಕ್ಷರ ಸರಿ ಇದೆಯೇ ಎಂದು ನೋಡಿದೆ, ಓದಲಿಲ್ಲ.

ಹೊಸ ಕಂಪ್ಯೂಟರ್ ಬಂದಿದೆ. ಆರು ಗಂಟೆಗೆ ಮೇನ್ ಇಳಿಸುತ್ತೇವೆ.

ಅಪ್ಪ,
ತವಸಿ

~

ತಿರುಚ್ಚಿ
9-2-2015, ಸೋಮವಾರ

ಅಪ್ಪನಿಗೆ,

ಇವತ್ತು ಕ್ಲಾಸಿಗೆ ಹೋಗಲಿಲ್ಲ. ಕಾಲೇಜಿನ ಎದುರು ಬೀದಿಯಲ್ಲಿ ಒಂದು ಹಳೆಯ ಡಿಟಿಪಿ ಅಂಗಡಿ ಇದೆ. ಗೋಡೆಯ ಮೇಲೆ ನಮ್ಮ ಪ್ರೆಸ್ಸಿನ ಕ್ಯಾಲೆಂಡರೇ ತೂಗುತ್ತಿತ್ತು. ಇವತ್ತಿನ ಹಾಳೆಯ ಕೆಳಗೆ ಬೇರೆ ಯಾರೋ ಬರೆದ ಸಾಲು, ಹಲ್ಲುಜ್ಜುವುದರ ಬಗ್ಗೆ. ನಿಮ್ಮ ಚೀಟಿಯನ್ನು ಕೊಟ್ಟೆ. ಅಂಗಡಿಯವರು ನೋಡಿ, "ಯಾರಮ್ಮಾ ಇದನ್ನ ಬರೆದಿದ್ದು? ಮಷೀನ್ ಬರೆದ ಹಂಗಿದೆ" ಅಂದರು. ನಮ್ಮಪ್ಪ ಅಂದೆ. ಅವರ ಹತ್ತಿರ ಆ ಹಳೆಯ ಫಾಂಟ್ ಇತ್ತು. ಚೀಟಿಯಲ್ಲಿ ಇದ್ದ ಹಾಗೇ ಇಂಗ್ಲಿಷ್ ಅಕ್ಷರ, ಆವರಣ, ಚುಕ್ಕಿ ಎಲ್ಲ ಒತ್ತಿ ಫಾಂಟ್ ಬದಲಾಯಿಸಿದರು. ತಮಿಳಾಯಿತು. ಒಂದು ಅಕ್ಷರವೂ ತಪ್ಪಿರಲಿಲ್ಲ.

ನವೆಂಬರಿನಿಂದ ಇದು ನನ್ನ ಟ್ರಂಕಿನಲ್ಲಿ, ಚಳಿಯ ಬಟ್ಟೆಗಳ ಕೆಳಗೆ ಇತ್ತು. ಕಾಲೇಜಿನಿಂದ ಅಂಗಡಿಗೆ ಐದು ನಿಮಿಷದ ದಾರಿ.

ಅಲ್ಲಿದ್ದದ್ದನ್ನು ಇದ್ದ ಹಾಗೇ ಬರೆಯುತ್ತೇನೆ. ನೀವು ಈ ಸಲ ಅಕ್ಷರ ನೋಡಬೇಡಿ, ಓದಿ.

"ತಂದೆಯನ್ನು ಬೆನ್ನ ಹಿಂದಿನಿಂದ ಕರೆಯಬಾರದು. ಎದುರಿಗೆ ಬಂದು, ತುಟಿ ಕಾಣುವ ಹಾಗೆ ನಿಂತು"

ಇಷ್ಟೇ ಇದೆ. ಇಲ್ಲಿಗೆ ಚೀಟಿಯಲ್ಲಿ ಜಾಗ ಮುಗಿದಿದೆ.

ಇಂತಿ,
ಕನಿ